ದಾನದ ಹಣ, ಇಲ್ಲದ ಮೈದಾನ: ಮುಂಬಯಿಯ ಒಲಿಂಪಿಕ್ಸ್ ನಂಟು

ಪ್ರಾಚೀನ ಗ್ರೀಕರ ಕ್ರೀಡೋತ್ಸವಕ್ಕೆ ಮರುಜೀವ ಕೊಡಲು 1894ರಲ್ಲಿ ಪ್ಯಾರಿಸ್‌ನಲ್ಲಿ ಸಮಿತಿ ಹುಟ್ಟಿತು. ಎರಡೇ ವರ್ಷದಲ್ಲಿ ಅಥೆನ್ಸ್‌ನಲ್ಲಿ ಮೊದಲ ಕೂಟ ನಡೆಯಿತು. ಭಾರತ ತಂಡ ಕಟ್ಟಿಕೊಂಡು ಈ ಕೂಟಕ್ಕೆ ಹೋದದ್ದು ಮಾತ್ರ 1920ರಲ್ಲಿ, ಅದೂ ಮುಂಬಯಿಯ ದೊರಾಬ್ಜಿ ಟಾಟಾ ಅವರ ನೆರವಿನಿಂದ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡಿದ ಹಳ್ಳಿ ಹುಡುಗರನ್ನು ಕಂಡು, ಇವರು ಯುರೋಪಿನವರಿಗೆ ಕಡಿಮೆಯಿಲ್ಲ ಎಂದು ಅವರಿಗೆ ಅನಿಸಿತ್ತು. ಅದು ಬರೀ ಅಭಿಮಾನದ ಮಾತಲ್ಲ. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿಯ ಫಡೆಪ್ಪ ಚೌಗುಲೆ ಆಂಟ್‌ವರ್ಪ್‌ನಲ್ಲಿ 42.75 ಕಿ.ಮೀ. ಮ್ಯಾರಥಾನ್ ಓಡಿ, 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು.

1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದಾಗ ಮೊದಲ ಅಧ್ಯಕ್ಷರೂ ದೊರಾಬ್ಜಿಯವರೇ. ಮರುವರ್ಷ ಹಾಕಿ ತಂಡ ಹಡಗು ಹತ್ತಿದ್ದು ಮುಂಬಯಿ ಬಂದರಿನಿಂದ. ಬೀಳ್ಕೊಡಲು ಬಂದವರು ಮೂವರು, ಚಿನ್ನ ಗೆದ್ದು ಮರಳಿದಾಗ ಜನಸಾಗರ. ಹೀಗೆ ಈ ನಗರ ಹಣ ಕೊಟ್ಟಿತು, ಬಂದರು ಕೊಟ್ಟಿತು, ಜೈಕಾರವನ್ನೂ ಕೊಟ್ಟಿತು. ಕೊಡದೆ ಉಳಿದದ್ದು ಎಲ್ಲರಿಗೂ ತೆರೆದ ಮೈದಾನ. ಮರೀನ್ ಡ್ರೈವ್ ಬದಿಯ ಜಿಮ್ಖಾನಾಗಳಿರಲಿಲ್ಲವೇ ಎಂದರೆ, ಇದ್ದವು. ಆದರೆ ಅವು ಪಾರ್ಸಿ, ಹಿಂದೂ, ಇಸ್ಲಾಂ ಎಂದು ಸಮುದಾಯಕ್ಕೊಂದರಂತೆ ಸದಸ್ಯರಿಗಾಗಿ ಹುಟ್ಟಿದವು. ಮೈದಾನ ದಾನಿಗಳ ಕೃಪೆಯಲ್ಲಿದ್ದರೆ ಆಟಗಾರನೂ ದಾನಿಗಳ ಕೃಪೆಯಲ್ಲೇ ಇರಬೇಕಾಗುತ್ತದೆ. 1952ರಲ್ಲಿ ಕುಸ್ತಿಯಲ್ಲಿ ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ತಂದ ಖಾಶಾಬಾ ಜಾಧವ್‌ರನ್ನು ಹೆಲ್ಸಿಂಕಿಗೆ ಕಳಿಸಲು ಕೊಲ್ಹಾಪುರದ ಅವರ ಕಾಲೇಜಿನ ಪ್ರಾಂಶುಪಾಲರು ಮನೆ ಅಡವಿಡಬೇಕಾಯಿತು.

ಕಡಲು ಮೂರು ಕಡೆಯಿಂದ ಒತ್ತಿರುವ ಊರಿನಲ್ಲಿ ಜಾಗ ಎಲ್ಲಿದೆ ಎಂಬ ಆಕ್ಷೇಪ ಹಳೆಯದು. ಮುಂಬಯಿಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್ ಇದಕ್ಕೆ ಉತ್ತರ ಹೇಳುತ್ತದೆ. ಮುಚ್ಚಿದ ಬಟ್ಟೆ ಗಿರಣಿಗಳ ಜಮೀನಿನಲ್ಲಿ ಮೂರನೆಯ ಒಂದು ಭಾಗ ಸಾರ್ವಜನಿಕ ಬಯಲಿಗೆ ಎಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಆ ಲೆಕ್ಕವನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಇಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಾಗ ಇತ್ತು, ಅದು ಗೋಪುರಗಳ ಪಾಲಾಯಿತು.

2023ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಸಭೆ ಸೇರಿ, 2028ರ ಕೂಟಕ್ಕೆ ಕ್ರಿಕೆಟ್ ಸೇರಿಸಿತು; 2036ರ ಆತಿಥ್ಯಕ್ಕೆ ಭಾರತ ಕೈ ಹಾಕುವುದೆಂಬ ಘೋಷಣೆಯೂ ಅಲ್ಲೇ ಆಯಿತು. ಕೂಟಕ್ಕೆ ಸುರಿಯುವ ದುಡ್ಡು ದಂಡ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಪುಣೆಯ ಬಾಲೇವಾಡಿ ಕ್ರೀಡಾನಗರಿ ಎದ್ದದ್ದು 1994ರ ರಾಷ್ಟ್ರೀಯ ಕ್ರೀಡಾಕೂಟದ ನೆಪದಲ್ಲಿ. ಮುಂಬಯಿಯಲ್ಲಿ ಕೇಂದ್ರ ಕಚೇರಿಯಿರುವ ಮಧ್ಯ ರೈಲ್ವೆಯಲ್ಲಿ ಆಗ ಟಿಕೆಟ್ ಪರೀಕ್ಷಕರಾಗಿದ್ದ ಸ್ವಪ್ನಿಲ್ ಕುಸಾಳೆ 2024ರಲ್ಲಿ ಶೂಟಿಂಗ್ ಕಂಚು ಗೆದ್ದಾಗ, ಅದರ ಹಿಂದೆ ಬಾಲೇವಾಡಿಯ ಅಭ್ಯಾಸವಿತ್ತು. ಕೂಟ ಬರಲಿ ಬಿಡಲಿ, ನಗರದ ಪೂರ್ವ ದಡದ ಬಂದರು ಜಮೀನು ಕೈಬದಲಾಗುವ ಮೊದಲೇ ಮುಂಬಯಿಯ ಜನ ಅಲ್ಲೊಂದು ಓಟದ ಟ್ರ್ಯಾಕಿಗೆ ಜಾಗ ಬರೆಸಿಕೊಳ್ಳಬೇಕು.