ಎಂಟು ಶಿಲ್ಲಿಂಗಿನ ಮಗು

ಅಮೆರಿಕಾದಲ್ಲಿ ಕೂತಿರುವ ನಮ್ಮ ಟೀಮಿನವನೊಬ್ಬ ಮೀಟಿಂಗ್ ಮುಗಿಯೋ ಹೊತ್ತಿಗೆ ಮಗಳು ಏನು ಓದ್ತಿದ್ದಾಳೆ ಅಂತ ಕೇಳಿದ. ಫಸ್ಟ್ ಸ್ಟ್ಯಾಂಡರ್ಡ್ ಅಂದೆ. ಅವನಿಗೆ ಅರ್ಥ ಆಗಲಿಲ್ಲ. "ಯಾವುದರ ಸ್ಟ್ಯಾಂಡರ್ಡು?" ಅಂದ. ಗ್ರೇಡ್ ಒನ್ ಅಂತ ತಿದ್ದಿ ಕಾಲ್ ಮುಗಿಸಿದೆ. ಆದರೆ ಪ್ರಶ್ನೆ ಸರಿಯಾದದ್ದೇ. ತರಗತಿಗೆ ನಾವು ಯಾಕೆ ಸ್ಟ್ಯಾಂಡರ್ಡ್ ಅಂತೀವಿ? ಹುಡುಕುತ್ತಾ ಹೋದವನು 1862ರ ಇಂಗ್ಲೆಂಡಿನ ಒಂದು ದರಪಟ್ಟಿಯ ಮುಂದೆ ನಿಂತೆ.

ದರಪಟ್ಟಿಯ ಹೆಸರು 'ರಿವೈಸ್ಡ್ ಕೋಡ್'. ನಾನು ದಿನಾ ಬರೆದು ಬೈಸಿಕೊಳ್ಳೋ ಕೋಡ್ ಅಲ್ಲ, ಶಾಲೆಗಳಿಗೆ ಅನುದಾನ ಹಂಚುವ ನಿಯಮಾವಳಿ. ಆಗ ಅಲ್ಲಿ ಬಡವರ ಮಕ್ಕಳ ಶಾಲೆಗಳನ್ನ ಬಹುಪಾಲು ಚರ್ಚಿನವರು ನಡೆಸ್ತಿದ್ದರು. ಸರ್ಕಾರ 1833ರಿಂದ ದುಡ್ಡು ಕೊಡ್ತಾ ಬಂದಿತ್ತು, ಮೊತ್ತ ವರ್ಷ ವರ್ಷ ಬೆಳೀತಾ ಇತ್ತು. ಆ ಹೊತ್ತಿಗೆ ಕ್ರಿಮಿಯಾ ಯುದ್ಧ ಬೇರೆ ಖಜಾನೆಯನ್ನ ಖಾಲಿ ಮಾಡಿತ್ತು. 1858ರಲ್ಲಿ ನೇಮಕವಾದ ನ್ಯೂಕ್ಯಾಸಲ್ ಆಯೋಗ 1861ರಲ್ಲಿ ಕೊಟ್ಟ ವರದಿಯಲ್ಲಿ ಒಂದು ದೂರು ಮುಖ್ಯವಾದದ್ದು: ಮೇಷ್ಟ್ರುಗಳು ಮೇಲಿನ ತರಗತಿಯ ಜಾಣ ಮಕ್ಕಳಿಗಷ್ಟೇ ಪಾಠ ಮಾಡ್ತಾರೆ, ಕೆಳಗಿನ ಚಿಕ್ಕ ಮಕ್ಕಳು ಓದು ಬರಹ ಬಾರದೆಯೇ ಶಾಲೆ ಬಿಟ್ಟು ಕೆಲಸಕ್ಕೆ ಹೋಗ್ತಾರೆ.

ಆಗ ಶಿಕ್ಷಣದ ಹೊಣೆ ಹೊತ್ತಿದ್ದವನು ರಾಬರ್ಟ್ ಲೋ. ಹುಟ್ಟಿನಿಂದಲೇ ಅಲ್ಬಿನಿಸಂ ಇದ್ದು ಕಣ್ಣು ಬಹಳ ಮಂದವಾಗಿದ್ದ, ಮಾತು ಮಾತ್ರ ಬಹಳ ಹರಿತವಾಗಿದ್ದ ಮನುಷ್ಯ. 1853ರ ಕಾಯ್ದೆ ಭಾರತದ ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ತಂದಾಗ ಇವನು ಭಾರತದ ವ್ಯವಹಾರ ನೋಡುವ ಬೋರ್ಡ್ ಆಫ್ ಕಂಟ್ರೋಲ್‌ನಲ್ಲಿ ಕಾರ್ಯದರ್ಶಿ. ಪರೀಕ್ಷೆಯ ಮೇಲೆ ಅಪಾರ ನಂಬಿಕೆ ಇದ್ದವನು. ಶಾಲೆಗೆ ದುಡ್ಡು ಬೇಕಾ? ಫಲಿತಾಂಶ ತೋರಿಸಿ, ತಗೊಳ್ಳಿ ಅಂದ.

ಲೆಕ್ಕ ಹೀಗಿತ್ತು. ಸರಾಸರಿ ಹಾಜರಾತಿಯ ಮೇಲೆ ತಲೆಗೆ 4 ಶಿಲ್ಲಿಂಗ್. ಅದರ ಮೇಲೆ, ಆರು ವರ್ಷ ದಾಟಿದ ಮಗು ಬೆಳಗ್ಗೆ ಮಧ್ಯಾಹ್ನ ಬೇರೆ ಬೇರೆಯಾಗಿ ಎಣಿಸಿ 200 ಹಾಜರಿ ಹಾಕಿದ್ದರೆ ಇನ್ನೂ 8 ಶಿಲ್ಲಿಂಗ್. ಆದರೆ ಇನ್‌ಸ್ಪೆಕ್ಟರ್ ಬಂದು ಆ ಮಗುವನ್ನ ಓದು, ಬರಹ, ಲೆಕ್ಕ ಮೂರರಲ್ಲೂ ಪರೀಕ್ಷೆ ಮಾಡಬೇಕು. ಒಂದರಲ್ಲಿ ಫೇಲಾದರೆ 2 ಶಿಲ್ಲಿಂಗ್ 8 ಪೆನ್ಸ್ ಕಟ್. ಈ ಪರೀಕ್ಷೆಗೆ ಆರು ಹಂತ ಮಾಡಿದರು, ಅವಕ್ಕೆ ಇಟ್ಟ ಹೆಸರೇ ಸ್ಟ್ಯಾಂಡರ್ಡ್. ಮೊದಲನೇ ಸ್ಟ್ಯಾಂಡರ್ಡ್ ಅಂದರೆ ಒಂದೊಂದೇ ಅಕ್ಷರಾಂಶದ ಪದಗಳಿರುವ ಪುಟ್ಟ ಕಥೆ ಓದೋದು, ಹೇಳಿದ ಅಕ್ಷರ ಸ್ಲೇಟಿನ ಮೇಲೆ ಬರೆಯೋದು, ಇಪ್ಪತ್ತರವರೆಗೆ ಅಂಕಿ, ಹತ್ತರವರೆಗೆ ಬಾಯಿಲೆಕ್ಕ. ಆರನೆಯದು ಅಂದರೆ ಪತ್ರಿಕೆಯ ಒಂದು ಪ್ಯಾರಾ ಓದೋದು, ಅಂಥದ್ದೇ ಉಕ್ತಲೇಖನ, ಅಂಗಡಿ ಬಿಲ್ಲಿನ ಲೆಕ್ಕ. ಒಂದು ಸ್ಟ್ಯಾಂಡರ್ಡಿಗೆ ಒಂದೇ ಸಲ ಕೂರಿಸಬಹುದು, ಮುಂದಿನ ವರ್ಷ ಮೇಲಿನದ್ದಕ್ಕೇ ಕೂರಬೇಕು. ಇತಿಹಾಸ, ಭೂಗೋಳಕ್ಕೆ ಬೆಲೆಯೇ ಇರಲಿಲ್ಲವಾದ್ದರಿಂದ ಎಷ್ಟೋ ಶಾಲೆಗಳಲ್ಲಿ ಅವು ಮೂಲೆ ಸೇರಿದವು.

ಮೊದಲು ಸರ್ಟಿಫಿಕೇಟ್ ಇದ್ದ ಮೇಷ್ಟ್ರಿಗೆ ಸರ್ಕಾರದಿಂದ ಬೇರೆಯಾಗಿ ಹಣ ಬರ್ತಿತ್ತು. ಈಗ ಎಲ್ಲವೂ ಶಾಲೆಯ ಆಡಳಿತದವರ ಕೈಗೆ. ಸಂಬಳ ಎಷ್ಟು ಅನ್ನೋದು ಅವರ ಜೊತೆಗಿನ ಚೌಕಾಸಿ. ಕೆಲವರ ಸಂಬಳವನ್ನ ನೇರವಾಗಿ ಅನುದಾನಕ್ಕೇ ಗಂಟುಹಾಕಿದರು. ಅಪ್ರೈಸಲ್ ತಿಂಗಳಲ್ಲಿ ನಮ್ಮ ಮುಖ ಹೇಗಿರುತ್ತೆ ಗೊತ್ತಲ್ಲ? ಇನ್‌ಸ್ಪೆಕ್ಟರ್ ಬರೋ ವಾರ ಆ ಮೇಷ್ಟ್ರುಗಳ ಮುಖ ಹಾಗಿದ್ದಿರಬೇಕು.

ಆ ದಿನದ ಕಥೆಗಳು ಬೇಕಾದಷ್ಟಿವೆ. ವರ್ಷವಿಡೀ ಒಂದೇ ಪುಸ್ತಕ ಉರು ಹೊಡೆಸಿ, ಮಕ್ಕಳು ಪುಸ್ತಕ ತಲೆಕೆಳಗೆ ಹಿಡಿದರೂ ಗಡಗಡ 'ಓದು'ತ್ತಿದ್ದರಂತೆ. ಲೆಕ್ಕದ ಹೊತ್ತಲ್ಲಿ ಮೇಷ್ಟ್ರು ಕೈಸನ್ನೆಯಲ್ಲಿ ಕೂಡಬೇಕಾ ಕಳೆಯಬೇಕಾ ಅಂತ ತೋರಿಸ್ತಿದ್ದರಂತೆ.

ಇದನ್ನ ಓದಿ ನಗು ಬಂತು. ನಾನು ಓದಿದ್ದು ದಕ್ಷಿಣ ಕನ್ನಡದ ಒಂದು ಹಳ್ಳಿ ಶಾಲೆಯಲ್ಲಿ. ಅಲ್ಲೂ ಇನ್‌ಸ್ಪೆಕ್ಟ್ರು ಬರೋ ದಿನಕ್ಕೆ ಒಂದು ಒಪ್ಪಂದ ಇತ್ತು. ಎಲ್ಲರೂ ಕೈ ಎತ್ತಬೇಕು: ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನನ್ನ ಬೆಂಚಿನವನು ಎಡಚ. ಗೊತ್ತಿದ್ದರೂ ಅಭ್ಯಾಸಬಲದಿಂದ ಎಡಗೈಯೇ ಮೇಲೆ ಹೋಗ್ತಿತ್ತು. ಅವನನ್ನ ಯಾರೂ ಏನೂ ಕೇಳಲೇ ಇಲ್ಲ.

ಇಂಗ್ಲೆಂಡಿನ ಕಥೆಗಳಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ. ಪರೀಕ್ಷೆ ದಿನ ದಡಾರ ಎದ್ದ ಮಕ್ಕಳನ್ನ, ಜ್ವರದಲ್ಲಿ ಸುಡ್ತಿದ್ದ ಮಕ್ಕಳನ್ನ ಕಂಬಳಿ ಸುತ್ತಿ ಶಾಲೆಗೆ ತಂದು ಕೂರಿಸ್ತಿದ್ದರು. ಬೇರೆ ಮಕ್ಕಳಿಗೆ ಹರಡಿದರೆ? ಹರಡಲಿ. ಬಾರದ ಮಗು ಅಂದರೆ ಕೈಬಿಟ್ಟುಹೋದ ಎಂಟು ಶಿಲ್ಲಿಂಗು.

ಕವಿ ಮ್ಯಾಥ್ಯೂ ಅರ್ನಾಲ್ಡ್ ಆಗ ಸ್ವತಃ ಶಾಲಾ ಇನ್‌ಸ್ಪೆಕ್ಟರ್. 1851ರಿಂದ 35 ವರ್ಷ ಆ ಕೆಲಸ ಮಾಡಿದವನು. ಕೋಡ್ ಜಾರಿಯಾಗೋ ಮೊದಲೇ ಹೆಸರು ಹಾಕದೆ ಒಂದು ಲೇಖನ ಬರೆದು ವಿರೋಧಿಸಿದ. ತನ್ನ ಇಲಾಖೆಯನ್ನೇ ಟೀಕಿಸೋದು, ಸಂಬಳವನ್ನೂ ಅಲ್ಲೇ ತಗೊಳ್ಳೋದು! ಆಮೇಲೆ ತನ್ನ ವರದಿಗಳಲ್ಲೂ ಬಿಡಲಿಲ್ಲ: ಪಾಠ ಯಾಂತ್ರಿಕವಾಗಿದೆ, ಶಾಲೆಯ ಜೀವಕಳೆಯೇ ಹೋಗಿದೆ ಅಂತ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಎಲ್ಲ ಚೆನ್ನಾಗಿತ್ತು. 1862ರಲ್ಲಿ ಸುಮಾರು 8 ಲಕ್ಷ 13 ಸಾವಿರ ಪೌಂಡ್ ಇದ್ದ ಅನುದಾನ 1865ಕ್ಕೆ 6 ಲಕ್ಷ 36 ಸಾವಿರದ ಆಸುಪಾಸಿಗೆ ಇಳಿದಿತ್ತು. ಅಷ್ಟರಲ್ಲಿ ಲೋ ಹುದ್ದೆಯಲ್ಲೇ ಇರಲಿಲ್ಲ. ಇನ್‌ಸ್ಪೆಕ್ಟರುಗಳ ವರದಿಗಳಲ್ಲಿ ಇಲಾಖೆಗೆ ಹಿಡಿಸದ್ದನ್ನ ತೆಗೆಸ್ತಾರೆ ಅನ್ನೋ ಆರೋಪದ ಮೇಲೆ 1864ರಲ್ಲಿ ಸಂಸತ್ತು ಅವನ ವಿರುದ್ಧ ಮತ ಹಾಕಿತು, ರಾಜೀನಾಮೆ ಕೊಟ್ಟ. ಮುಂದೆ ವಿಚಾರಣೆ ಮಾಡಿದ ಸಮಿತಿ ಅವನದ್ದು ತಪ್ಪಿಲ್ಲ ಅಂದಿತು. ಅವನ ಪದ್ಧತಿ ಮಾತ್ರ 1890ರ ದಶಕದವರೆಗೆ ಬದುಕಿತು.

ಲೋನನ್ನ ಖಳನಾಯಕ ಮಾಡೋದು ಸುಲಭ. ನನಗೆ ಪೂರ್ತಿ ಮನಸ್ಸು ಬರಲ್ಲ. ಅವನ ಸೂತ್ರದಲ್ಲಿ ದಡ್ಡನಿಗೂ ಜಾಣನಿಗೂ ಒಂದೇ ಬೆಲೆ. ಹಿಂದಿನ ಬೆಂಚಿನ ಹುಡುಗನನ್ನ ಮರೆಯೋಕೆ ಮೇಷ್ಟ್ರಿಗೆ ಆಗ್ತಿರಲಿಲ್ಲ. ಹೊಡೆದೋ ಬಡಿದೋ ಅವನಿಗೂ ಇಪ್ಪತ್ತರವರೆಗೆ ಎಣಿಸೋದು ಕಲಿಸಬೇಕಿತ್ತು.

ಇದು ನಮ್ಮ ಕಡೆಗೂ ಬಂತು. 1860ರ ದಶಕದಲ್ಲೇ ಮದ್ರಾಸ್ ಪ್ರಾಂತ್ಯ ಫಲಿತಾಂಶ ನೋಡಿ ಅನುದಾನ ಕೊಡೋದನ್ನ ಶುರು ಮಾಡಿತು. ನಮ್ಮ ದಕ್ಷಿಣ ಕನ್ನಡ, ಅತ್ತ ಬಳ್ಳಾರಿ, ಎರಡೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. 1882ರ ಹಂಟರ್ ಆಯೋಗ ಕಾಲೇಜುಗಳಿಗೆ ಇದು ಬೇಡ, ಪ್ರಾಥಮಿಕ ಶಾಲೆಗಳಿಗಿರಲಿ ಅಂದಿತು. ಕರ್ಜನ್ ಕಾಲದ 1904ರ ಶಿಕ್ಷಣ ನೀತಿ ಇದನ್ನ ಕೈಬಿಡಿ ಅಂತ ಹೇಳಿತು. ಶಿಲ್ಲಿಂಗಿನ ಲೆಕ್ಕ ಹೋಯಿತು, ಸ್ಟ್ಯಾಂಡರ್ಡ್ ಅನ್ನೋ ಹೆಸರು ನಮ್ಮಲ್ಲೇ ಉಳೀತು.

ಈಗ ನನ್ನ ಬೆಂಚಿನವನ ಕಥೆಗೆ ಬರ್ತೀನಿ. ನಮ್ಮ ಕಾಲದಲ್ಲಿ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಶಾಲೆಯ ಗೋಡೆ ಮೇಲೆ ಯಾವ ವರ್ಷ ಶೇಕಡಾ ಎಷ್ಟು ಪಾಸು ಅಂತ ಪೇಂಟಿನಲ್ಲಿ ಬರೆಸಿದ್ದರು. ಹಿಂದಿನ ಎರಡು ವರ್ಷ 100. ಪರೀಕ್ಷೆಗೆ ತಿಂಗಳಿರುವಾಗ ಅವನ ಅಪ್ಪನನ್ನ ಕರೆಸಿ, ಹುಡುಗ ಈ ವರ್ಷ ಕೂರೋದು ಬೇಡ, ಬರೋ ವರ್ಷ ನೋಡುವ ಅಂದರು. ಬೈಯಲಿಲ್ಲ, ಚಾ ತರಿಸಿ ಕೊಟ್ಟು ಹೇಳಿದರಂತೆ. ಬರೋ ವರ್ಷ ಅವನು ಹೋಟೆಲ್ ಕೆಲಸಕ್ಕೆ ಹೋಗಿದ್ದ. ಗೋಡೆ ಮೇಲೆ ಮೂರನೇ 100 ಬಂತು, ಅದರಲ್ಲಿ ನಾನೂ ಇದ್ದೇನೆ.

ಸೂತ್ರಗಳ ಜೊತೆ ಹೊಟ್ಟೆ ಹೊರೆಯುವವನಾದ್ದರಿಂದ ಇದು ನನಗೆ ಕಾಣಿಸಿತು. ಲೋನ ಲೆಕ್ಕದಲ್ಲಿ ಭಾಗಾಕಾರ ಇರಲಿಲ್ಲ, ಬರೀ ಕೂಡೋದು. ಫೇಲಾದವನಿಂದ ಬೇರೆಯವರ ದುಡ್ಡು ಕಮ್ಮಿಯಾಗಲ್ಲ, ಬಾರದವನಿಂದ ನಷ್ಟ. ಅದಕ್ಕೇ ಜ್ವರ ಬಂದ ಮಗುವನ್ನೂ ಹೊತ್ತು ತಂದರು. ನಮ್ಮ ಗೋಡೆಯದ್ದು ಶೇಕಡಾ. ಅಲ್ಲಿ ಬಾರದವನಿಂದಲೇ ಲಾಭ. ಅದಕ್ಕೇ ಎರಡು ಕೈಯೂ ಗಟ್ಟಿಯಿದ್ದ ಹುಡುಗನನ್ನ ಮನೆಗೆ ಕಳಿಸಿದರು.

ಕಳೆದ ವಾರ ಊರಿಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಈಗ ಸ್ವಂತ ಕ್ಯಾಂಟೀನ್ ಇಟ್ಟಿದ್ದಾನೆ, ಮಗ ಹತ್ತನೇ ಕ್ಲಾಸು.

"ಪ್ರಿಪರೇಟರಿಯಲ್ಲಿ ಅವನಿಗೆ ಮಾರ್ಕು ಕಮ್ಮಿ ಬಂದದ್ದು ಮಾರಾಯ. ನಾಳೆ ಶಾಲೆಗೆ ಬರ್ಲಿಕ್ಕೆ ಹೇಳಿದ್ದಾರೆ. ಎಂತಕ್ಕೋ ಗೊತ್ತಿಲ್ಲ."

ಎಷ್ಟು ಗಂಟೆಗೆ ಅಂತ ಕೇಳಿದೆ. ಹತ್ತಕ್ಕೆ ಅಂದ. ರಾತ್ರಿ ಬಸ್ಸಿನ ಟಿಕೆಟ್ ಕ್ಯಾನ್ಸಲ್ ಮಾಡಿ, ನಾನೂ ಬರ್ತೇನೆ ಅಂದೆ.