ಹಿಂದಿನ ಸಾಲಿನಿಂದ ಎದ್ದು ಬಂದ ತಾಳ

ಹಲಬರ್ಗಾ ಕಡೆ ಮೆರವಣಿಗೆ ಹೊರಡುವ ಮೊದಲು ಹಲಗಿ ಕಾಯಿಸುತ್ತಾರೆ. ಒಣಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮವನ್ನು ಉರಿಗೆ ಹಿಡಿದು, ಬೆರಳಿಂದ ತಟ್ಟಿ ನೋಡುತ್ತಾರೆ. ನಾದ ಬಿಗಿಯಾದ ಮೇಲೇ ಮೊದಲ ಪೆಟ್ಟು. ಆಮೇಲೆ ಹಲಗಿ ಮುಂದೆ, ಊರು ಹಿಂದೆ. ತಾಳವಾದ್ಯಕ್ಕೆ ಎಲ್ಲ ಕಡೆ ಈ ಜಾಗ ಸಿಕ್ಕಿಲ್ಲ. ಕಛೇರಿಯಲ್ಲಿ ಮೃದಂಗ ಪಕ್ಕವಾದ್ಯ. ಜಾಝ್ ಬ್ಯಾಂಡಿನಲ್ಲಿ ಡ್ರಮ್ಸ್ ಹಿಂದಿನ ಸಾಲು.

ಆ ಹಿಂದಿನ ಸಾಲಿನಲ್ಲೇ ಬಾಳು ಸವೆಸಿದವರು ನ್ಯೂ ಆರ್ಲಿಯನ್ಸಿನ ವಾರೆನ್ ‘ಬೇಬಿ’ ಡಾಡ್ಸ್. ಹುಡುಗನಾಗಿದ್ದಾಗ ಡ್ರಮ್ ಕೊಳ್ಳಲು ಕಾಸಿರಲಿಲ್ಲ. ಕೊಬ್ಬು ತುಂಬಿ ಬರುತ್ತಿದ್ದ ತಗಡಿನ ಡಬ್ಬಿಗೆ ತೂತು ಕೊರೆದು, ಕುರ್ಚಿಯ ಅಡ್ಡಕಡ್ಡಿಗಳನ್ನೇ ಕೋಲು ಮಾಡಿಕೊಂಡು ಬಾರಿಸಿದರು. ಮುಂದೆ ಮಿಸಿಸಿಪ್ಪಿ ನದಿಯ ಸ್ಟೀಮರುಗಳಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆಗೆ ನುಡಿಸಿದರು. 1923ರಲ್ಲಿ ಡಾಡ್ಸ್ ಇದ್ದ ಕಿಂಗ್ ಆಲಿವರ್ ತಂಡದ ಗ್ರಾಮಾಫೋನ್ ತಟ್ಟೆಗಳು ಮುದ್ರಣವಾದಾಗ ಮೈಕು ಬಳಕೆಗೆ ಬಂದಿರಲಿಲ್ಲ. ದೊಡ್ಡ ಕೊಳವೆಯೊಂದು ಸದ್ದನ್ನು ಸೂಜಿಗೆ ಒಯ್ಯುತ್ತಿತ್ತು. ಡ್ರಮ್ಮಿನ ಪೆಟ್ಟು ಜೋರಾಗಿ ಬಿದ್ದರೆ ಸೂಜಿಯೇ ಹಾರುತ್ತಿತ್ತು. ಹಾಗಾಗಿ ಡ್ರಮ್ ವಾದಕರ ಕೈಗೆ ಉಳಿದದ್ದು ಟಕ್ ಟಕ್ ಎನ್ನುವ ಮರದ ತುಂಡು. ಆ ತಟ್ಟೆಗಳಲ್ಲಿ ಇಂದಿಗೂ ಕೇಳುವುದು ಅದೇ.

ಕಾಲ ಬದಲಾಯಿತು, ಸ್ವಿಂಗ್ ಬಂತು, ಬೀಬಾಪ್ ಬಂತು. ಡಾಡ್ಸ್ ತಮ್ಮ ಊರಿನ ಹಳೆಯ ನಡೆಯನ್ನು ಬಿಡಲಿಲ್ಲ. 1946ರಲ್ಲಿ ಬೇರೆ ವಾದ್ಯಗಳಿಲ್ಲದೆ ಬರೀ ಡ್ರಮ್ ನುಡಿಸಿ, ಯಾವ ಪೆಟ್ಟು ಎಲ್ಲಿ, ಏಕೆ ಎಂದು ಬಾಯಿಬಿಟ್ಟು ವಿವರಿಸಿ ಮುದ್ರಿಸಿಕೊಟ್ಟರು. 1959ರಲ್ಲಿ ತೀರಿಕೊಂಡರು.

ನಮ್ಮಲ್ಲಿ ತಾಳವಾದ್ಯವನ್ನು ಹಿಂದಿನ ಸಾಲಿನಿಂದ ಮುಂದೆ ತರುವ ಕೆಲಸಕ್ಕೆ ಕೈಹಾಕಿದವರು ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ. 1964ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಾಳವಾದ್ಯಕ್ಕೇ ಮೀಸಲಾದ ಶಾಲೆ. ಅವರ ‘ತಾಳ ತರಂಗಿಣಿ’ ತಂಡದಲ್ಲಿ ಪಕ್ಕವಾದ್ಯಗಳೇ ಮುಂದಿನ ಸಾಲಿಗೆ ಬಂದವು. ಜರ್ಮನಿಯ ಡಿಸಿಡೆಂಟನ್ ತಂಡದ ಜೊತೆ ಈ ಶಾಲೆಯವರು ನುಡಿಸಿದ ‘ಜರ್ಮನಿಸ್ತಾನ್’ ಆಲ್ಬಮ್ 1982ರಲ್ಲಿ ಹೊರಬಂತು. 1983ರಲ್ಲಿ ‘ಜ್ಯೋತಿ’. ಅದರಲ್ಲಿ ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೆರಿಯಾನೊ, ಮಣಿಯವರ ಪತ್ನಿ ಆರ್.ಎ. ರಮಾಮಣಿಯವರ ಹಾಡಿಕೆ, ಜೊತೆಗೆ ಮೃದಂಗ, ಘಟ, ಖಂಜಿರ. ನಾಗಸ್ವರದ ಮೋಹಕ್ಕೆ ಬಿದ್ದು ಅದನ್ನೂ ಕಲಿತಿದ್ದ ಮೆರಿಯಾನೊಗೆ ನಮ್ಮ ತಾಳದ ಲೆಕ್ಕಾಚಾರ ತೀರ ಹೊಸದಲ್ಲ.

ಜಾಝ್‌ನವರನ್ನು ಇಲ್ಲಿಗೆ ಎಳೆದದ್ದು ಕೊನ್ನಕೋಲು, ಅಂದರೆ ತಾಳದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಕಲೆ, ಎಂದೇ ನನಗೆ ಅನ್ನಿಸುತ್ತದೆ. ‘ತಕಿಟ ತಕದಿಮಿ’ ಎಂದರೆ ಮೂರು, ನಾಲ್ಕು, ಒಟ್ಟು ಏಳು. ಬಾಯಿ ಹೇಳಿದ್ದನ್ನು ಕೈ ನುಡಿಸಿದರಾಯಿತು. ಭಾಷೆ ಬರದವರಿಗೂ ಪಾಠ ದಾಟುತ್ತದೆ. ಡ್ರಮ್ಸ್ ಬಾರಿಸುತ್ತಿದ್ದ ಮದರಾಸಿನ ರಮೇಶ್ ಶೋಥಮ್ ಈ ಶಾಲೆಯಲ್ಲಿ ತವಿಲ್ ಕಲಿತು, ಮುಂದೆ ಜರ್ಮನಿಯಲ್ಲಿ ನೆಲೆಸಿ ಜಾಝ್ ವೇದಿಕೆಗಳಲ್ಲಿ ಹೆಸರು ಮಾಡಿದರು.

ಡಾಡ್ಸ್ ತಮ್ಮ ಪೆಟ್ಟುಗಳನ್ನು ತಾವೇ ಹೇಳಿಹೋದರು, ಮಣಿ ಶಾಲೆ ಕಟ್ಟಿದರು. ಮೆರವಣಿಗೆಯ ಮುಂದೆ ನಡೆದ ನಮ್ಮ ಹಲಗಿಯವರ ಹೆಸರನ್ನು ಮಾತ್ರ ಊರಿನವರು ಬರೆದಿಡಲಿಲ್ಲ. ಹಲಬರ್ಗಾ, ಭಾಲ್ಕಿ, ಔರಾದದ ಓದುಗರೇ, ಈ ಸಲ ಹಲಗಿ ಕಾಯಿಸುವಾಗ ಆ ಹಿರಿಯರ ಪಕ್ಕ ಕುಳಿತು, ಯಾವ ಪೆಟ್ಟಿಗೆ ಏನು ಹೆಸರು ಎಂದು ಕೇಳಿ; ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.