ಮೂಲ್ಕಿಯ ತೀರ್ಪು, ಚಂದ್ರಗುತ್ತಿಯ ದಾರಿ

ಅಸ್ಪೃಶ್ಯತೆಯ ವಿರುದ್ಧದ ಕಾನೂನಿನ ಚರಿತ್ರೆಯನ್ನು ಬರೆಯುವವರಲ್ಲಿ ಹಲವರು ಅಮೆರಿಕದ 1954ರ ಬ್ರೌನ್ ತೀರ್ಪನ್ನು, ಎಂದರೆ ಕರಿಯ ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಬಾಹಿರವೆಂದು ಸಾರಿದ ತೀರ್ಪನ್ನು, ಅಳತೆಗೋಲಾಗಿ ಹಿಡಿದು, ನ್ಯಾಯಪೀಠದ ಒಂದು ಮಾತಿನಿಂದಲೇ ಯುಗ ಬದಲಾಗುತ್ತದೆಂಬ ನಿಲುವಿಗೆ ಬರುತ್ತಾರೆ. ಆದರೆ ಆ ತೀರ್ಪಿನ ಬಳಿಕವೂ 1957ರಲ್ಲಿ ಲಿಟ್ಲ್ ರಾಕ್ ಪಟ್ಟಣದ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಶಾಲೆಯೊಳಕ್ಕೆ ಕರೆದೊಯ್ಯಲು ಸೈನಿಕರು ಬೇಕಾದರು. 1964ರ ನಾಗರಿಕ ಹಕ್ಕುಗಳ ಕಾಯಿದೆ ಬರುವವರೆಗೆ ಜನ ಬೀದಿಯಲ್ಲೇ ಹೋರಾಡಬೇಕಾಯಿತು. ಕರ್ನಾಟಕದ ಅನುಭವವೂ ಇದಕ್ಕೆ ಹೊರತಲ್ಲ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮಪ್ರಭು ಮತ್ತು ಉಡುತಡಿಯ ಅಕ್ಕಮಹಾದೇವಿಯರಿದ್ದ ಹನ್ನೆರಡನೆಯ ಶತಮಾನದ ಶರಣ ಚಳವಳಿ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗಾಗಿ ತೆರೆದ ಶಾಲೆಗಳು, ಹಿಂದುಳಿದ ವರ್ಗಗಳ ಪ್ರಾತಿನಿಧ್ಯಕ್ಕಾಗಿ ಮೈಸೂರು ಸಂಸ್ಥಾನ ನೇಮಿಸಿದ 1918ರ ಮಿಲ್ಲರ್ ಸಮಿತಿ, ಇವೆಲ್ಲ ಪೂರ್ವಪೀಠಿಕೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದರೆ, 1955ರ ಕಾಯಿದೆ ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು.

ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ. ಗೌಡ ಸಾರಸ್ವತ ಬ್ರಾಹ್ಮಣರ ಈ ದೇವಾಲಯದ ಆಡಳಿತದವರು, 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯಿದೆ ತಮಗೆ ಅನ್ವಯಿಸದೆಂದೂ, ತಮ್ಮದು ಒಂದು ಪಂಗಡದ ಗುಡಿಯಾದ್ದರಿಂದ ಯಾರು ಒಳಬರಬೇಕೆಂಬುದು ಧರ್ಮಕ್ಕೆ ಸೇರಿದ ವಿಷಯವೆಂದೂ ವಾದಿಸಿದರು. ಅದು ಪಂಗಡದ ಗುಡಿಯೆಂಬುದನ್ನು ಒಪ್ಪಿಯೂ ಸುಪ್ರೀಂ ಕೋರ್ಟ್, 1957ರ ನವೆಂಬರ್‌ನಲ್ಲಿ, ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳಿಗೂ ತೆರೆಯುವ ಸಂವಿಧಾನದ ಅವಕಾಶವೇ ಮೇಲೆಂದಿತು. ಆದರೆ ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಪಂಗಡದವರಷ್ಟೇ ಇರಬಹುದೆಂಬುದನ್ನು ಉಳಿಸಿಕೊಟ್ಟಿತು. ಬಾಗಿಲು ತೆರೆಯಿತು, ಪೂರ್ತಿಯಾಗಿ ಅಲ್ಲ.

ಆ ಬಾಗಿಲನ್ನು ಮುಂದೆ ದೂಡಿದವರು 1970ರ ದಶಕದವರು. ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚೆಂಬ ದಲಿತ ಸಚಿವರೊಬ್ಬರ ಮಾತಿನಿಂದ ಎದ್ದ ಬೂಸಾ ಪ್ರಕರಣದ ಬಳಿಕ, ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿಯು ಭೂಮಿ, ನೀರು, ಮಾನ ಇವು ಮೂರನ್ನೂ ಒಂದೇ ಹಕ್ಕಾಗಿ ಕಂಡಿತು. ಹೊಸದಾಗಿ ಕೊರೆದ ಕೊಳವೆಬಾವಿಯಿಂದ ದಲಿತರು ನೀರು ಒಯ್ಯದಂತೆ ತಡೆದವರ ಶಿಕ್ಷೆಯನ್ನು, ಹೈಕೋರ್ಟ್ ರದ್ದುಮಾಡಿದ್ದರೂ, ಸುಪ್ರೀಂ ಕೋರ್ಟ್ 1992ರಲ್ಲಿ ಮರುಸ್ಥಾಪಿಸಿತು. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸಿದ 1955ರ ಕಾಯಿದೆ ಬಂದು ಆಗಲೇ ಮೂವತ್ತೇಳು ವರ್ಷಗಳಾಗಿದ್ದವು.

ನೀರಿನ ಕತೆ ಇದಾದರೆ, ಮಾನದ ಪ್ರಶ್ನೆ ಎದ್ದದ್ದು ಚಂದ್ರಗುತ್ತಿಯಲ್ಲಿ. ಸೊರಬ ತಾಲ್ಲೂಕಿನ ಈ ಊರಿನಲ್ಲಿ ಹೆಂಗಸರು, ಅವರಲ್ಲೂ ದಲಿತ, ಹಿಂದುಳಿದ ಮನೆಗಳವರೇ ಹೆಚ್ಚಾಗಿ, ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಯವರೆಗೆ ನಡೆಯುತ್ತಿದ್ದರು. 1986ರ ಮಾರ್ಚ್‌ನಲ್ಲಿ ಇದನ್ನು ತಡೆಯಹೋದ ಸಮಿತಿಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆದು, ಪೊಲೀಸರ ಬಟ್ಟೆಗಳನ್ನೇ ಕಿತ್ತೆಸೆಯಲಾಯಿತು. ಬಳಿಕ ಆಯೋಗವೊಂದು ವಿಚಾರಣೆ ನಡೆಸಿತು, ಈ ಬೆತ್ತಲೆ ಸೇವೆಗೆ ನಿಷೇಧ ಬಂದಿತು. ಗುಡಿಯೊಳಕ್ಕೆ ಯಾರು ಹೋಗಬಹುದೆಂಬುದು ಮೂಲ್ಕಿಯ ಪ್ರಶ್ನೆಯಾದರೆ, ಯಾವ ಸ್ಥಿತಿಯಲ್ಲಿ ಹೋಗಬೇಕೆಂಬುದು ಚಂದ್ರಗುತ್ತಿಯ ಪ್ರಶ್ನೆ. ಮೊದಲನೆಯದಕ್ಕೆ ಕಾನೂನು ವರದಿಗಳ ಸಂಪುಟದಲ್ಲಿ ಪುಟಗಳಿವೆ. ಎರಡನೆಯದು ಹುಟ್ಟಿದ್ದು ಬೀದಿಯಲ್ಲಾದ್ದರಿಂದ, ತೀರ್ಪುಗಳನ್ನಷ್ಟೇ ಎಣಿಸುವ ಚರಿತ್ರೆಗೆ ವರದೆಯಿಂದ ಬೆಟ್ಟಕ್ಕೆ ಹೋಗುವ ಆ ದಾರಿ ಕಾಣುವುದೇ ಇಲ್ಲ.